ಹಡಗು ಒಡೆದುಹೋಯಿತು, ಅದರ ಕತೆ ನಿಮ್ಮ ಟ್ರಂಕಿನಲ್ಲಿದೆ

ಹಡಗು ಹತ್ತಿ ಕೊಲ್ಲಿಗೆ ಹೋದವರ ಮನೆಯವರಿಗೆ,



ಭಟ್ಕಳದಿಂದ ಉಳ್ಳಾಲದವರೆಗೆ ಕರಾವಳಿಯ ಯಾವ ಊರಿಗೆ ಹೋದರೂ ‘ನಮ್ಮ ಅಜ್ಜ ಹಡಗಿನಲ್ಲಿ ಗಲ್ಫಿಗೆ ಹೋದವರು’ ಎನ್ನುವ ಒಂದಾದರೂ ಮನೆ ಸಿಗುತ್ತದೆ. ಅಂಥ ಮನೆಗಳವರು ಈಗ ಮುಂಬಯಿಯಲ್ಲಿದ್ದೀರಿ, ಬೆಂಗಳೂರಿನಲ್ಲಿದ್ದೀರಿ, ದುಬೈ, ಬಹರೈನ್, ಕುವೈತ್‌ಗಳಲ್ಲಿ ಎರಡನೆಯ, ಮೂರನೆಯ ತಲೆಮಾರಾಗಿ ಬಾಳುತ್ತಿದ್ದೀರಿ. ನಿಮ್ಮೆಲ್ಲರನ್ನೂ ಒಟ್ಟಿಗೆ ಕರೆದು ಒಂದು ಮಾತು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಹಿರಿಯರನ್ನು ದಾಟಿಸಿದ ಆ ಹಡಗುಗಳಲ್ಲಿ ಒಂದೂ ಇವತ್ತು ನೀರಿನ ಮೇಲಿಲ್ಲ. ಅವುಗಳಲ್ಲಿ ನಮ್ಮವರು ಹೇಗೆ ಹೋದರು, ಹೇಗೆ ಬಂದರು ಎಂಬ ಕತೆ ಉಳಿಯುವುದಿದ್ದರೆ ನಿಮ್ಮ ಮನೆಯ ಟ್ರಂಕು, ಆಲ್ಬಂ, ಹಳೆಯ ಕಾಗದದ ಕಟ್ಟುಗಳಿಂದಲೇ ಉಳಿಯಬೇಕು. ದಯವಿಟ್ಟು ಅವನ್ನು ಹೊರಗೆ ತೆಗೆಯಿರಿ. ನಕಲು ಮಾಡಿ, ಹೆಸರು ಬರೆಯಿರಿ, ಒಬ್ಬರಿಗೊಬ್ಬರು ಹಂಚಿಕೊಳ್ಳಿ.

ಚಿಕ್ಕವರಿಗಾಗಿ ಒಂದಿಷ್ಟು ಹಿನ್ನೆಲೆ ಹೇಳುತ್ತೇನೆ. ಬೊಂಬಾಯಿಯಿಂದ ಕರಾಚಿ, ಮಸ್ಕತ್, ದುಬೈ, ಬಹರೈನ್, ಕುವೈತ್ ಬಂದರುಗಳನ್ನು ಮುಟ್ಟುತ್ತ ಇರಾಕಿನ ಬಸ್ರಾದವರೆಗೆ ಹೋಗುತ್ತಿದ್ದ ಪ್ರಯಾಣಿಕ ಹಡಗುಗಳನ್ನು ನಡೆಸುತ್ತಿದ್ದುದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ. ಎಲ್ಲರ ಬಾಯಲ್ಲಿ ಅದು ಬಿ.ಐ. ಕಂಪನಿ. ಕೊಲ್ಲಿಯ ಟಪಾಲು ಸಾಗಿಸುವ ಕೆಲಸವನ್ನು ಅದು 1862ರಲ್ಲೇ ಹಿಡಿದಿತ್ತು. 1914ರಲ್ಲಿ ಪಿ ಅಂಡ್ ಓ ಕಂಪನಿಯೊಂದಿಗೆ ಕೂಡಿಕೊಂಡ ಮೇಲೂ ತನ್ನ ಹೆಸರನ್ನೂ, ಎರಡು ಬಿಳಿ ಪಟ್ಟಿಯ ಕಪ್ಪು ಚಿಮಣಿಯನ್ನೂ ಉಳಿಸಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ ಈ ದಾರಿಗೆಂದು ನಾಲ್ಕು ಹೊಸ ಹಡಗುಗಳು ಬಂದವು: 1946ರಲ್ಲಿ ‘ದುಮ್ರಾ’, 1947ರಲ್ಲಿ ‘ದ್ವಾರಕಾ’, 1948ರಲ್ಲಿ ‘ದಾರಾ’, 1950ರಲ್ಲಿ ‘ದರೇಸಾ’. ಒಂದೊಂದೂ ಸುಮಾರು ಐದು ಸಾವಿರ ಟನ್ನಿನದು. ಅಟ್ಲಾಂಟಿಕ್ ದಾಟುವ ಭಾರೀ ಹಡಗುಗಳ ಮುಂದೆ ಇವು ಚಿಕ್ಕವು. ಕ್ಯಾಬಿನ್ನಿನಲ್ಲಿ ಹೋಗುವವರು ಬೆರಳೆಣಿಕೆಯಷ್ಟು ಮಂದಿ, ಡೆಕ್ಕಿನ ಟಿಕೆಟಿನವರು ಸಾವಿರಕ್ಕೂ ಮೇಲೆ. ನಮ್ಮವರೆಲ್ಲ ಈ ಡೆಕ್ಕಿನವರು.

ಆಗ ಕೊಲ್ಲಿಯಲ್ಲಿ ತೈಲದ ಕಾಲ ಶುರುವಾಗಿತ್ತು. ಬಹರೈನಿನಲ್ಲಿ 1932ರಲ್ಲಿ, ಕುವೈತಿನಲ್ಲಿ 1938ರಲ್ಲಿ ತೈಲ ಸಿಕ್ಕಿತು. ಕುವೈತಿನ ತೈಲ 1946ರಿಂದ ಹೊರದೇಶಕ್ಕೆ ಹೋಗತೊಡಗಿತು. ತೈಲ ಕಂಪನಿಗಳಿಗೆ ಗುಮಾಸ್ತರು, ಟೈಪಿಸ್ಟರು, ಫಿಟ್ಟರುಗಳು, ಅಡುಗೆಯವರು, ನರ್ಸುಗಳು ಬೇಕಿತ್ತು. ಅವರನ್ನು ಬೊಂಬಾಯಿಯಲ್ಲಿ ಆರಿಸುತ್ತಿದ್ದರು. ಮಂಗಳೂರಿನಲ್ಲಿ ಆಗ ದೊಡ್ಡ ಬಂದರು ಇರಲಿಲ್ಲ. ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದಂತೂ 1998ರಲ್ಲಿ. ಹಾಗಾಗಿ ಊರಿನ ಹುಡುಗರು ಮೊದಲು ಬೊಂಬಾಯಿ ಸೇರಿ, ಊರಿನವರ ಕೋಣೆಯಲ್ಲಿ ಚಾಪೆ ಹಾಕಿ, ಪಾಸ್‌ಪೋರ್ಟಿಗೂ ಚುಚ್ಚುಮದ್ದಿಗೂ ಓಡಾಡಿ, ಮ್ಯಾಕಿನನ್ ಮೆಕೆಂಜಿ ಏಜೆಂಟರಲ್ಲಿ ಟಿಕೆಟು ಮಾಡಿಸಿ ಹಡಗು ಹತ್ತುತ್ತಿದ್ದರು.

ಈಗ ನನ್ನ ಕಳವಳ ಹೇಳುತ್ತೇನೆ. ಈ ಹಡಗುಗಳಿಗೆ ದಾಖಲೆ ಇಲ್ಲವೆಂದಲ್ಲ. ಯಾವ ಕಟ್ಟೆಯಲ್ಲಿ ಕಟ್ಟಿದರು, ಎಷ್ಟು ಉದ್ದ, ಯಾವ ಎಂಜಿನ್, ಕೊನೆಗೆ ಏನಾಯಿತು ಎಂಬುದೆಲ್ಲ ಅಚ್ಚುಕಟ್ಟಾಗಿ ಬರೆದಿಟ್ಟದ್ದಿದೆ. ಕಂಪನಿಯ ಕಡತಗಳು ಲಂಡನ್ನಿನ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿವೆ. ಪಿ ಅಂಡ್ ಓ ತನ್ನ ಪರಂಪರೆಯದೇ ಒಂದು ಸಂಗ್ರಹವನ್ನು ಜೋಪಾನ ಮಾಡಿದೆ. 2006ರಲ್ಲಿ ಆ ಕಂಪನಿಯನ್ನು ಕೊಂಡದ್ದು ದುಬೈಯ ಡಿಪಿ ವರ್ಲ್ಡ್. ಅಂದರೆ ನಮ್ಮ ಹಿರಿಯರನ್ನು ಇಳಿಸಿದ ಹಡಗಿನ ಚರಿತ್ರೆಯ ಒಡೆತನ ಈಗ ಅವರು ಇಳಿದ ಊರಿನ ಕಂಪನಿಯದು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಅದು ಕಂಪನಿಯ ಕಣ್ಣಿಗೆ ಕಂಡ ಹಡಗು. ಡೆಕ್ಕಿನಲ್ಲಿ ಹಾಸಿಗೆ ಸುರುಳಿ ಬಿಚ್ಚಿದವರಿಗೆ ಅಲ್ಲಿ ಹೆಸರಿಲ್ಲ, ಮುಖವಿಲ್ಲ. ಅವರಿರುವುದು ಒಟ್ಟು ಸಂಖ್ಯೆಯಾಗಿ. ಅವರ ಮುಖ, ಹೆಸರು, ಅಕ್ಷರ, ದನಿ ಎಲ್ಲ ಇರುವುದು ನಿಮ್ಮ ಮನೆಗಳಲ್ಲಿ. ಲಂಡನ್ನಿನಿಂದ ಯಾರೂ ಬಂದು ನಮ್ಮ ಅಟ್ಟ ಹತ್ತಿ ಅದನ್ನು ಹುಡುಕುವುದಿಲ್ಲ. ಆ ಕೆಲಸ ನಮ್ಮದು.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಸೋದರಮಾವನ ಟ್ರಂಕಿನಲ್ಲಿ ಅಂಗೈಯಷ್ಟಗಲದ ಒಂದು ಕಪ್ಪುಬಿಳುಪು ಫೋಟೋ ಇದೆ. ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದು, ಆ ಕಾಲದ ಪದ್ಧತಿಯಂತೆ. ಹಡಗಿನ ಕಟಕಟೆಗೆ ಒರಗಿ ನಾಲ್ವರು ತರುಣರು ನಿಂತಿದ್ದಾರೆ. ಇಬ್ಬರು ತೋಳು ಮಡಚಿದ ಬಿಳಿ ಅಂಗಿಯಲ್ಲಿದ್ದಾರೆ, ಒಬ್ಬ ಕೋಟು ತೊಟ್ಟಿದ್ದಾನೆ, ನಾಲ್ಕನೆಯವನು ಲುಂಗಿಯಲ್ಲಿದ್ದಾನೆ. ಕೋಟಿನವರೇ ನನ್ನ ಮಾವ. ಅವರ ಭುಜದ ಹಿಂದೆ ತೂಗುಹಾಕಿದ ಲೈಫ್‌ಬಾಯ್ ಅರ್ಧ ಕಾಣುತ್ತದೆ. ಅದರ ಮೇಲೆ ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರಗಳು, ಆರ್, ಕೆ, ಎ. ನಾಲ್ಕು ಹಡಗುಗಳ ಪೈಕಿ ‘ಕೆ’ ಅಕ್ಷರ ಇರುವುದು ದ್ವಾರಕಾದ ಹೆಸರಿನಲ್ಲಿ ಮಾತ್ರ. ಹಡಗು ಯಾವುದೆಂದು ಗೊತ್ತಾದದ್ದು ಹಾಗೆ. ಬೆನ್ನಿಗೆ ಬಹರೈನಿನ ಒಂದು ಸ್ಟುಡಿಯೋದ ಮೊಹರು, ಅದರ ಕೆಳಗೆ ಪೆನ್ಸಿಲಿನಲ್ಲಿ ‘ಅಮ್ಮನಿಗೆ, ಸುಖವಾಗಿ ತಲುಪಿದೆ’ ಎಂಬ ಸಾಲು. ಇಸವಿ ಬರೆದಿಲ್ಲ.

ಉಳಿದ ಮೂವರು ಯಾರೆಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಈಗ ಇಲ್ಲ. ಆದರೆ ಆ ಕಾಲದಲ್ಲಿ ನಾಲ್ವರು ನಿಂತು ಫೋಟೋ ತೆಗೆಸಿಕೊಂಡರೆ ನಾಲ್ಕು ಪ್ರತಿ ಮಾಡಿಸುತ್ತಿದ್ದರು, ನಾಲ್ಕೂ ಊರಿಗೆ ಬರುತ್ತಿದ್ದವು. ಹಾಗಿದ್ದರೆ ಕಾಪುವಿನಲ್ಲೋ ಕುಂದಾಪುರದಲ್ಲೋ ಇನ್ಯಾವುದೋ ಮನೆಯ ಆಲ್ಬಮ್ಮಿನಲ್ಲಿ ಇದೇ ಫೋಟೋ ಇರಬಹುದು. ಅಲ್ಲಿ ಇಸವಿ ಬರೆದಿರಬಹುದು. ಅಲ್ಲಿಯವರಿಗೆ ಕೋಟಿನವರು ಯಾರೆಂದು ತಿಳಿಯದೆ ಇರಬಹುದು. ಎರಡು ಪ್ರತಿಗಳು ಒಂದೇ ಕಡೆ ಸೇರಿದ ದಿನ ನಾಲ್ಕು ಹೆಸರೂ ಒಂದು ದಿನಾಂಕವೂ ಕೂಡಿಬರುತ್ತವೆ. ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಇದಿಷ್ಟೇ. ಒಬ್ಬೊಬ್ಬರ ಮನೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿರುವುದು ಒಂದು ಮನೆಯ ನೆನಪು ಮಾತ್ರ. ಹಂಚಿಕೊಂಡಾಗಲೇ ಅದು ಹಡಗಿನ ಚರಿತ್ರೆಯಾಗುವುದು.

ಫೋಟೋ ಮಾತ್ರವಲ್ಲ. ಟ್ರಂಕಿನ ತಳದಲ್ಲಿ ಏನೇನಿರಬಹುದು ನೋಡಿ. ಹಳದಿ ಬಣ್ಣದ ಒಂದು ಪುಟ್ಟ ಪುಸ್ತಕ ಸಿಕ್ಕರೆ ಅದನ್ನು ರದ್ದಿಗೆ ಹಾಕಬೇಡಿ. ಅದು ಸಿಡುಬು ಮತ್ತು ಕಾಲರಾದ ಚುಚ್ಚುಮದ್ದಿನ ಅಂತರರಾಷ್ಟ್ರೀಯ ಪ್ರಮಾಣಪತ್ರ. ಅದಿಲ್ಲದೆ ಹಡಗು ಹತ್ತಲಾಗುತ್ತಿರಲಿಲ್ಲ. ಚುಚ್ಚಿದ ದಿನಾಂಕ, ಊರು, ವೈದ್ಯರ ಮೊಹರು ಎಲ್ಲ ಅದರಲ್ಲಿರುತ್ತದೆ. ಹಡಗು ಹತ್ತಿದ ತಿಂಗಳನ್ನು ಅದರಿಂದಲೇ ಹೆಚ್ಚುಕಡಿಮೆ ಲೆಕ್ಕ ಹಾಕಬಹುದು. ಹಳೆಯ ಪಾಸ್‌ಪೋರ್ಟಿನ ಪುಟಗಳಲ್ಲಿ ಬಂದರಿನ ಮೊಹರುಗಳಿರುತ್ತವೆ. ಟಿಕೆಟಿನ ಚೂರು, ಸಾಮಾನಿಗೆ ಕಟ್ಟಿದ ಚೀಟಿ, ಕಂಪನಿಯ ನೇಮಕಾತಿ ಪತ್ರ, ಮನಿಯಾರ್ಡರಿನ ರಶೀದಿ, ನೀಲಿ ಏರೋಗ್ರಾಮು, ಇವೆಲ್ಲ ಒಂದೊಂದು ಸಾಕ್ಷಿ.

ಕೆಂಪು ಬಣ್ಣದ ಹತ್ತು ರೂಪಾಯಿ ನೋಟು ಸಿಕ್ಕರೆ ಬೆರಗಾಗಬೇಡಿ. 1966ರವರೆಗೂ ಕೊಲ್ಲಿಯ ಹಲವು ನಾಡುಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು ಭಾರತೀಯ ರಿಸರ್ವ್ ಬ್ಯಾಂಕು 1959ರಲ್ಲಿ ಅಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಅವುಗಳ ಸಂಖ್ಯೆ ಇಂಗ್ಲಿಷಿನ ‘ಝಡ್’ ಅಕ್ಷರದಿಂದ ಶುರುವಾಗುತ್ತದೆ. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರ್ ತಂದವು. 1966ರ ಜೂನಿನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ದುಬೈ, ಕತಾರಿನಂಥವೂ ರೂಪಾಯಿಯನ್ನು ಬಿಟ್ಟವು. ಆ ನೋಟಿಗೆ ಈಗ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ. ಮಾರುವುದು ಬಿಡುವುದು ನಿಮಗೆ ಸೇರಿದ್ದು. ಮಾರುವ ಮುನ್ನ ಎರಡೂ ಬದಿಯ ಚಿತ್ರ ತೆಗೆದು, ಅದು ಯಾರ ದುಡಿಮೆಯದು ಎಂದು ಬರೆದಿಡಿ ಎಂದಷ್ಟೇ ಕೇಳುತ್ತೇನೆ.

ಹೆಂಗಸರ ಪೆಟ್ಟಿಗೆಗಳನ್ನು ಮರೆಯಬೇಡಿ. ಗಂಡ ಹಡಗು ಹತ್ತಿದ ಮೇಲೆ ಮನೆ ನಡೆಸಿದವರು ಅವರು. ಬಂದ ಹಣದ ಲೆಕ್ಕ, ಮಕ್ಕಳ ಶಾಲೆಯ ಫೀಸು, ಗದ್ದೆಯ ಗೇಣಿ ಎಲ್ಲ ಬರೆದಿಟ್ಟ ನೋಟುಪುಸ್ತಕಗಳು ಅವರಲ್ಲಿವೆ. ಎಪ್ಪತ್ತರ ದಶಕದಿಂದೀಚೆಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುವ ರೂಢಿ ಬಂತು. ಅಂಥ ಕ್ಯಾಸೆಟ್ಟುಗಳ ಮೇಲೆ ಹಾಡು ತುಂಬಿಸಿರದಿದ್ದರೆ ಆ ದನಿ ಇನ್ನೂ ಅಲ್ಲೇ ಇದೆ. ನರ್ಸಾಗಿ, ಶಿಕ್ಷಕಿಯಾಗಿ ತಾವೇ ಹಡಗು ಹತ್ತಿದ ಹೆಣ್ಣುಮಕ್ಕಳೂ ಇದ್ದಾರೆ. ಅವರ ಮಾತನ್ನು ಮೊದಲು ಕೇಳಿ; ಗಂಡಸರ ಕತೆಗಳ ಮಧ್ಯೆ ಅದು ಸುಲಭವಾಗಿ ಕಳೆದುಹೋಗುತ್ತದೆ.

ಇನ್ನು ದಾರಾದ ಮಾತು. 1961ರ ಏಪ್ರಿಲ್ 7ರಂದು ಅದು ದುಬೈ ಎದುರು ಲಂಗರು ಹಾಕಿತ್ತು. ರಶೀದ್ ಬಂದರು ಆಗಿನ್ನೂ ಕಟ್ಟಿರಲಿಲ್ಲ, ದೂರದಲ್ಲಿ ನಿಂತ ಹಡಗಿನಿಂದ ಜನರನ್ನೂ ಸಾಮಾನನ್ನೂ ದೋಣಿಗಳಲ್ಲಿ ಇಳಿಸಬೇಕಿತ್ತು. ಬಿರುಗಾಳಿ ಎದ್ದದ್ದರಿಂದ ಕಪ್ತಾನ ಹಡಗನ್ನು ಆಳಕಡಲಿಗೆ ಒಯ್ದ. ಹತ್ತಿಸಲು ಬಂದ ನೆಂಟರು, ಕೆಲಸದವರು ಹಲವರು ಇಳಿಯಲಾಗದೆ ಒಳಗೇ ಉಳಿದರು. ಮರುದಿನ ಬೆಳಗಿನ ಜಾವ ಹಡಗಿನೊಳಗೆ ಸ್ಫೋಟವಾಗಿ ಬೆಂಕಿ ಹಬ್ಬಿತು. ಎಂಟುನೂರಕ್ಕೂ ಹೆಚ್ಚು ಜನರಲ್ಲಿ 238 ಮಂದಿ ಸತ್ತರು. ದಡಕ್ಕೆ ಎಳೆದೊಯ್ಯುವಾಗ ಏಪ್ರಿಲ್ 10ರಂದು ಹಡಗು ಮುಳುಗಿತು. ಯಾರೋ ಇಟ್ಟ ಸಿಡಿಮದ್ದೇ ಕಾರಣವೆಂದು ಬ್ರಿಟಿಷ್ ವಿಚಾರಣೆ ತೀರ್ಮಾನಿಸಿತು. ಸತ್ತವರಲ್ಲಿ ಭಾರತದವರು, ಪಾಕಿಸ್ತಾನದವರು, ಅರಬರು, ಇರಾನಿನವರು ಇದ್ದರು. ನಿಮ್ಮವರು ಯಾರಾದರೂ ಆ ಹಡಗಿನಲ್ಲಿದ್ದರೆ, ಬದುಕಿ ಬಂದಿದ್ದರೆ, ಅಥವಾ ಟಿಕೆಟು ಸಿಗದೆ ಹಿಂದಿನ ವಾರವೋ ಮುಂದಿನ ವಾರವೋ ಹೋಗಿದ್ದರೆ, ಮನೆಗೆ ಬಂದ ತಂತಿ, ಪತ್ರಿಕೆಯ ತುಣುಕು, ಅಮ್ಮ ಹೇಳುತ್ತಿದ್ದ ಮಾತು, ಏನಿದ್ದರೂ ಬರೆದಿಡಿ. ಆ ನೋವಿನ ಮಾತು ಎತ್ತಲು ಮನಸ್ಸು ಹಿಂಜರಿಯುತ್ತದೆ, ಬಲ್ಲೆ. ಆದರೂ 238 ಎಂಬ ಅಂಕೆಯೊಳಗೆ ಒಂದು ಹೆಸರನ್ನಾದರೂ ನಾವು ಉಳಿಸಿಕೊಟ್ಟರೆ ಆ ಜೀವಕ್ಕೆ ಸಲ್ಲಬೇಕಾದ ಗೌರವ ಸಂದಂತೆ.

ಮಿಕ್ಕ ಹಡಗುಗಳು ಒಂದೊಂದಾಗಿ ಮಾರಾಟವಾದವು. ವಿಮಾನದ ಟಿಕೆಟು ಕೈಗೆಟುಕುತ್ತ ಬಂದಂತೆ ಡೆಕ್ಕಿನ ಜನ ಕಡಿಮೆಯಾದರು. ದ್ವಾರಕಾ ಒಂದೇ 1982ರವರೆಗೆ ಓಡಾಡಿತು. ಅದೇ ವರ್ಷ ತೆರೆಗೆ ಬಂದ ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ಚಿತ್ರದಲ್ಲೂ ಅದು ಕಾಣಿಸಿಕೊಂಡಿದೆ. ಆಮೇಲೆ ಕರಾಚಿ ಸಮೀಪದ ಗಡಾನಿ ತೀರದಲ್ಲಿ ಅದನ್ನು ಒಡೆದರು. 1960ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಹಡಗು ಹತ್ತಿದವರಿಗೆ ಈಗ ಎಂಬತ್ತೈದು ದಾಟಿದೆ. ಕೇಳಿ ತಿಳಿಯುವ ಅವಕಾಶ ಬಹಳ ಕಾಲ ಇರುವುದಿಲ್ಲ.

ಬರೆದಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ನಿದರ್ಶನವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ತೆಗೆದ ನಮ್ಮ ಕರಾವಳಿಯ ಹಳೆಯ ಫೋಟೋಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ, ಈಗ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಯಾವ ಊರು, ಯಾವ ಕಾಲ, ತೆಗೆದವರು ಯಾರು ಎಂಬ ಟಿಪ್ಪಣಿ ಜೊತೆಗಿರುವುದರಿಂದಲೇ ಅವು ಚರಿತ್ರೆಯಾಗಿವೆ. ಸಿಂಗಪುರದವರು 1979ರಿಂದ ಹಿರಿಯರ ಮಾತನ್ನು ಧ್ವನಿಮುದ್ರಿಸಿ ತಮ್ಮ ರಾಷ್ಟ್ರೀಯ ಪತ್ರಾಗಾರದಲ್ಲಿ ಇಡುತ್ತ ಬಂದಿದ್ದಾರೆ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಬದುಕಿನ ವಸ್ತುಗಳು ಇವತ್ತು ನೋಡಸಿಗುತ್ತವೆ ಎಂದರೆ, ಮನೆಮನೆಯವರು ‘ಇದು ಹಳೆಯದು’ ಎಂದು ಎಸೆಯದೆ ಕೊಟ್ಟದ್ದೂ ಅದಕ್ಕೆ ಕಾರಣ. ಸಮುದ್ರ ದಾಟಿದ ಬದುಕಿಗೂ ಅಷ್ಟೇ ಜತನ ಬೇಕು.

ಹೇಗೆ ಮಾಡುವುದು? ದೊಡ್ಡ ಖರ್ಚಿನ ಕೆಲಸವೇನಲ್ಲ.

ಫೋಟೋವನ್ನು ಮುಂದೆ, ಹಿಂದೆ ಎರಡೂ ಬದಿ ಸ್ಕ್ಯಾನ್ ಮಾಡಿ. ಬೆನ್ನಿನ ಬರಹ, ಸ್ಟುಡಿಯೋದ ಮೊಹರು ಮುಖದಷ್ಟೇ ಮುಖ್ಯ. 600 ಡಿಪಿಐ ಸಾಕು, ಬಹಳ ಚಿಕ್ಕ ಫೋಟೋ ಆದರೆ 1200 ಇರಲಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಮೊಬೈಲನ್ನು ನೇರ ಮೇಲೆ ಹಿಡಿದು ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿ. ಆಲ್ಬಮ್ಮಿನ ಅಂಟು ಹಾಳೆಗೆ ಹತ್ತಿಕೊಂಡ ಫೋಟೋವನ್ನು ಕಿತ್ತು ತೆಗೆಯಬೇಡಿ, ಹಾಳೆಯ ಸಮೇತ ಸ್ಕ್ಯಾನ್ ಮಾಡಿ. ಲ್ಯಾಮಿನೇಶನ್ ಬೇಡವೇ ಬೇಡ, ಸೆಲ್ಲೋಟೇಪು ಬೇಡ. ಬೆನ್ನಿಗೆ ಬರೆಯುವುದಾದರೆ ಮೆದು ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ, ಬಾಲ್‌ಪೆನ್ನು ಬೇಡ.

ನಮ್ಮ ಮಳೆಗಾಲ ಕಾಗದಕ್ಕೆ ಶತ್ರು. ಟ್ರಂಕನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಗೋಡೆಗೆ ಒತ್ತಿ ಇಡಬೇಡಿ. ಬೂಸ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಗಾಳಿಗೆ ಇಟ್ಟು ಮೆದು ಕುಂಚದಿಂದ ಝಾಡಿಸಿ. ಕ್ಯಾಸೆಟ್ಟಿನ ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕದೆ ಬಲ್ಲವರಲ್ಲಿಗೆ ಒಯ್ಯಿರಿ. ಒಮ್ಮೆ ಸಿಕ್ಕಿಹಾಕಿಕೊಂಡು ಹರಿದರೆ ಆ ದನಿ ಮತ್ತೆ ಸಿಗಲಿಕ್ಕಿಲ್ಲ.

ಹಿರಿಯರ ಮುಂದೆ ಫೋಟೋ ಇಟ್ಟು ಮೊಬೈಲಿನ ರೆಕಾರ್ಡರ್ ಒತ್ತಿ. ‘ಅಜ್ಜಾ, ನಿಮ್ಮ ಅನುಭವ ಹೇಳಿ’ ಎಂದರೆ ಅವರು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಚಿಕ್ಕ ಚಿಕ್ಕದನ್ನು ಕೇಳಿ. ಯಾವ ಹಡಗು? ಹಾಸಿಗೆ ಎಲ್ಲಿ ಹಾಸಿದ್ದಿರಿ? ಬುತ್ತಿಯಲ್ಲಿ ಏನಿತ್ತು? ಪಕ್ಕದಲ್ಲಿ ಮಲಗಿದವರು ಯಾವ ಊರಿನವರು? ಹಡಗಿನ ಸಾರಂಗ (ಖಲಾಸಿಗಳ ಮುಖಂಡ), ಭಂಡಾರಿ (ಅಡುಗೆಯವ) ಇವರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ? ದೋಣಿಗೆ ಇಳಿಯುವಾಗ ಭಯವಾಯಿತೆ? ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನವಾಯತಿಯಲ್ಲೋ ಅವರಿಗೆ ಸಲೀಸಾದ ಮಾತಿನಲ್ಲೇ ಹೇಳಲಿ. ಮಧ್ಯೆ ತಿದ್ದಬೇಡಿ. ಒಬ್ಬರು ಹೇಳಿದ ಇಸವಿಗೂ ಇನ್ನೊಬ್ಬರದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆದಿಡಿ.

ಹಂಚಿಕೊಳ್ಳುವಾಗ ಕೊಡಬೇಕಾದದ್ದು ನಕಲು, ಮೂಲವಲ್ಲ. ಮೂಲ ನಿಮ್ಮ ಮನೆಯಲ್ಲೇ ಇರಲಿ. ಪಾಸ್‌ಪೋರ್ಟಿನ ಸಂಖ್ಯೆ, ವಿಳಾಸ, ಮನೆಯ ಖಾಸಗಿ ಮಾತುಗಳಿರುವ ಕಾಗದದ ಸಾಲುಗಳನ್ನು ಮುಚ್ಚಿ ಕೊಡಿ. ಬದುಕಿರುವವರ ಚಿತ್ರಕ್ಕೆ ಅವರ ಒಪ್ಪಿಗೆ ಕೇಳಿ. ಯಾರ ಮನೆಯಿಂದ ಬಂತು ಎಂಬುದು ಚಿತ್ರದ ಜೊತೆಗೇ ಇರಲಿ.

ಮುಂಬಯಿಯ ಕನ್ನಡ, ತುಳು, ಕೊಂಕಣಿ ಸಂಘಗಳಿಗೂ, ಕೊಲ್ಲಿ ರಾಷ್ಟ್ರಗಳ ಕನ್ನಡ ಸಂಘಗಳಿಗೂ, ಭಟ್ಕಳದ ಜಮಾತುಗಳಿಗೂ, ಊರಿನ ಇಗರ್ಜಿಗಳಿಗೂ, ಕಾಲೇಜುಗಳ ಇತಿಹಾಸ ವಿಭಾಗಗಳಿಗೂ ನನ್ನದೊಂದು ಬಿನ್ನಹ. ನಿಮ್ಮ ವಾರ್ಷಿಕೋತ್ಸವದ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಮೇಜು ಹಾಕಿ, ಸ್ಕ್ಯಾನರ್ ಇಟ್ಟು, ಕಂಪ್ಯೂಟರ್ ಬಲ್ಲ ಇಬ್ಬರು ಮಕ್ಕಳನ್ನು ಕೂರಿಸಿ. ಬಂದವರ ಫೋಟೋ ಅಲ್ಲೇ ನಕಲಾಗಿ ಅಲ್ಲೇ ವಾಪಸಾಗಲಿ. ಗುರುತು ಸಿಗದ ಫೋಟೋಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ತೂಗಿ, ಕೆಳಗೆ ಖಾಲಿ ಹಾಳೆ ಅಂಟಿಸಿ. ಗೊತ್ತಿದ್ದವರು ಹೆಸರು ಬರೆಯುತ್ತಾರೆ. ಸಂಗ್ರಹವಾದದ್ದರ ಒಂದೊಂದು ಪ್ರತಿ ಊರಿನಲ್ಲಿ, ಮುಂಬಯಿಯಲ್ಲಿ, ಕೊಲ್ಲಿಯಲ್ಲಿ ಇರಲಿ. ಒಂದು ಕಡೆ ನಾಶವಾದರೂ ಇನ್ನೆರಡು ಕಡೆ ಉಳಿಯುತ್ತದೆ. ಒಂದಷ್ಟು ಕೂಡಿದ ಮೇಲೆ ಗ್ರೀನಿಚ್‌ನವರಿಗೂ ಪಿ ಅಂಡ್ ಓ ಸಂಗ್ರಹದವರಿಗೂ ನಾವೇ ಬರೆದು ಹೇಳೋಣ: ನಿಮ್ಮಲ್ಲಿ ಹಡಗಿನ ನಕ್ಷೆ ಇದೆ, ನಮ್ಮಲ್ಲಿ ಅದರ ಜನ ಇದ್ದಾರೆ, ಎರಡನ್ನೂ ಒಟ್ಟಿಗಿಡೋಣ ಎಂದು.

ಕರಾವಳಿಯ ಎಷ್ಟೋ ಮನೆಗಳ ಹಂಚು, ಎಷ್ಟೋ ಮಕ್ಕಳ ಓದು, ಎಷ್ಟೋ ಹೆಣ್ಣುಮಕ್ಕಳ ಮದುವೆ ಆ ಡೆಕ್ಕಿನ ಟಿಕೆಟಿನಿಂದ ನಡೆದದ್ದು. ಅದನ್ನು ದುಡಿದುಕೊಟ್ಟವರು ತಮ್ಮ ಬಗ್ಗೆ ತಾವು ಬರೆದುಕೊಳ್ಳಲಿಲ್ಲ. ಅವರಿಗೆ ಪುರುಸೊತ್ತೂ ಇರಲಿಲ್ಲ. ನಮಗೆ ಇದೆ. ಈ ವಾರ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರಿಂದಲೇ ಶುರುಮಾಡಿ. ಒಂದು ಫೋಟೋ ತೆಗೆದುಕೊಂಡು ಹೋಗಿ ಅವರ ಪಕ್ಕ ಕುಳಿತು, ಇವರೆಲ್ಲ ಯಾರು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಬರೆದದ್ದನ್ನು ನೆಂಟರಿಗೂ, ಊರಿನವರಿಗೂ, ನಿಮ್ಮ ಸಂಘಕ್ಕೂ ಕಳುಹಿಸಿ.

ಇಂತಿ ನಿಮ್ಮವ,
ಹಡಗು ಹತ್ತಿದ ಮಾವನ ಅಳಿಯ